ಸದಾಶಿವಗಡದಿಂದ ಬಂದ ಗಿಟಾರು

ಅಂಕೋಲಾ, 3 ನವೆಂಬರ್ 2024, ರವಿವಾರ

ದೀಪಾವಳಿ ಮುಗಿಯಿತು. ರಿಪೇರಿ ಅಂಗಡಿಯ ಬಾಗಿಲನ್ನು ಅರ್ಧವೇ ತೆರೆದು ಕೂತಿದ್ದೆ. ಸದಾಶಿವಗಡದ ಗೆಳೆಯನ ಮಗಳು ಬಸ್ಸಿನಿಂದಿಳಿದು, ಹಳೇ ಬೆಡ್‌ಶೀಟಿನಲ್ಲಿ ಸುತ್ತಿದ್ದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದಳು. "ನಿಮ್ಮ ಕೈಗೇ ಕೊಡಬೇಕಂತೆ ಅಂಕಲ್. ರಿಪೇರಿ ಆಗದಿದ್ರೆ ವಾಪಸ್ ತಗೊಂಡು ಬಾ, ಬೇರೆ ಯಾರಿಗೂ ತೋರಿಸ್ಬೇಡ ಅಂದ್ರು ಪಪ್ಪ." ಬಿಚ್ಚುವ ಮೊದಲೇ ಒಳಗಿರುವುದೇನೆಂದು ಗೊತ್ತಾಯಿತು.

ಅದೇ ಕೆಂಪು ಗಿಟಾರು. ಕಲ್ಕತ್ತೆಯಲ್ಲಿ ತಯಾರಾದದ್ದು. ತಲೆಯ ಮೇಲಿದ್ದ ಹೆಸರು ಯಾವಾಗಲೋ ಉದುರಿಹೋಗಿದೆ. ಎದೆಗೆ ಒರಗುವ ಕಡೆ ಬಣ್ಣ ಸವೆದು ಮರ ಕಾಣುತ್ತದೆ. ಅದು ಗೆಳೆಯನ ಅಂಗಿಯ ಗುಂಡಿ ಉಜ್ಜಿ ಆದ ಸವೆತ. ಬ್ರಿಜ್‌ನ ಸ್ಕ್ರೂಗಳೆಲ್ಲ ತುಕ್ಕು ಹಿಡಿದು ಒಂದೇ ಗಡ್ಡೆ. ಆದರೆ ನೆಕ್ ಬಾಗಿಲ್ಲ. ಕಾಳಿ ನದಿ ದಂಡೆಯ ಮನೆಯಲ್ಲಿ, ಅಷ್ಟು ಮಳೆಗಾಲ ಕಳೆದ ಮೇಲೂ ನೆಕ್ ನೆಟ್ಟಗಿದೆ ಎಂದರೆ ಅವನು ಇದನ್ನು ಒಂದು ದಿನವೂ ಗೋಡೆಗೆ ಒರಗಿಸಿಟ್ಟಿಲ್ಲ, ಮಲಗಿಸಿಯೇ ಇಟ್ಟಿದ್ದಾನೆ.

ಮೀಟರ್ ಹಿಡಿದು ನೋಡಿದೆ. ಮೂರು ಪಿಕಪ್‌ಗಳಲ್ಲಿ ಎರಡು ಜೀವಂತ. ಬ್ರಿಜ್ ಪಕ್ಕದ್ದು ಓಪನ್, ಅಂದರೆ ಒಳಗಿನ ಸುರುಳಿ ತುಂಡಾಗಿದೆ. ಲೀಡ್ ನುಡಿಸುವವನಿಗೆ ಅದೇ ಮುಖ್ಯ. ಗಿಟಾರು ಗೆಳೆಯನ ಮೊಮ್ಮಗನಿಗೆ ಕ್ರಿಸ್‌ಮಸ್ಸಿಗೆ ಬೇಕಂತೆ, ಚರ್ಚಿನ ಹುಡುಗರು ಸೇರಿ ಏನೋ ಮಾಡುತ್ತಾರಂತೆ. ಗೆಳೆಯನ ಎಡಗೈ ಬೆರಳುಗಳು ಈಗ ಮಡಚುವುದಿಲ್ಲ.

5 ನವೆಂಬರ್, ಮಂಗಳವಾರ

ಬೆಳಿಗ್ಗೆ ಬೇರೆ ಕೆಲಸವಿಲ್ಲ. ಬರೆದಿಡುತ್ತೇನೆ.

ನಮ್ಮ ಕಡೆ ಇಲೆಕ್ಟ್ರಿಕ್ ಗಿಟಾರು ಅಂಗಡಿಯಿಂದ ಬಂದದ್ದಲ್ಲ, ರೇಡಿಯೊದ ಬೆನ್ನಿನಿಂದ ಬಂದದ್ದು. ಹಳೇ ವಾಲ್ವ್ ರೇಡಿಯೊಗಳ ಹಿಂಬದಿಯಲ್ಲಿ ರೆಕಾರ್ಡ್ ಪ್ಲೇಯರ್ ಜೋಡಿಸಲೆಂದು ಎರಡು ತೂತು ಇರುತ್ತಿದ್ದವು. ಅದಕ್ಕೆ 'ಗ್ರಾಮ್' ಅನ್ನುತ್ತಿದ್ದೆವು. ಮರದ ಸಾದಾ ಗಿಟಾರಿನ ಬಾಯಿಗೆ ಒಂದು ಪಿಕಪ್ ಕೂರಿಸಿ, ಅದರ ವೈರನ್ನು ಗ್ರಾಮ್ ತೂತಿಗೆ ಚುಚ್ಚಿದರೆ ಮುಗಿಯಿತು. ತಂತಿ ಉಕ್ಕಿನದು, ಕೆಳಗೆ ಅಯಸ್ಕಾಂತ, ಅದರ ಸುತ್ತ ತಾಮ್ರದ ಸುರುಳಿ. ತಂತಿ ಅಲುಗಿದಾಗ ಸುರುಳಿಯಲ್ಲಿ ಚೂರು ವಿದ್ಯುತ್ ಹುಟ್ಟುತ್ತದೆ, ವಾಲ್ವ್ ಅದನ್ನು ದೊಡ್ಡದು ಮಾಡುತ್ತದೆ. ವಾರ್ತೆ ಓದುತ್ತಿದ್ದ ಪೆಟ್ಟಿಗೆಯಿಂದ ಗೆಳೆಯನ ಬೆರಳಿನ ಸದ್ದು ಹೊರಟಾಗ ಮನೆಯ ಹೆಂಗಸರೆಲ್ಲ ಅಡುಗೆಮನೆ ಬಿಟ್ಟು ಜಗಲಿಗೆ ಬಂದಿದ್ದರು.

ಇದರಲ್ಲಿ ಜೀವಕ್ಕೆ ಅಪಾಯವೂ ಇತ್ತು. ಕೆಲವು ರೇಡಿಯೊಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ಚಾಸಿಗೇ ಮೇನ್ಸ್ ತಗುಲಿರುತ್ತದೆ. ಅಂಥದಕ್ಕೆ ಗಿಟಾರ್ ಜೋಡಿಸಿದರೆ ತಂತಿಯ ಮೇಲೆ 230 ವೋಲ್ಟ್. ಆದ್ದರಿಂದ ಯಾವ ಹುಡುಗ ಗಿಟಾರ್ ಹಿಡಿದು ಬಂದರೂ ನಾನು ಮೊದಲು ರೇಡಿಯೊ ಬಿಚ್ಚಿ ಟ್ರಾನ್ಸ್‌ಫಾರ್ಮರ್ ನೋಡುತ್ತಿದ್ದೆ, ಆಮೇಲೆ ಉಳಿದ ಮಾತು.

ದೂರದ ಕ್ಯಾಲಿಫೋರ್ನಿಯಾದಲ್ಲಿ ಫೆಂಡರ್ ಕಂಪನಿಯ ಸ್ಟ್ರಾಟೊಕಾಸ್ಟರ್ 1954ರಲ್ಲೇ ಬಂದಿತ್ತು. ಇಂಗ್ಲೆಂಡಿನ ಶ್ಯಾಡೋಸ್ ತಂಡದ 'ಅಪಾಚೆ' 1960ರದ್ದು. ನಮ್ಮ ದೇಶದ ದೊಡ್ಡ ಊರುಗಳ ಹುಡುಗರು ಸಿಮ್ಲಾ ಬೀಟ್ ಸ್ಪರ್ಧೆಗಳಲ್ಲಿ ನುಡಿಸಿದ್ದು 1970, 1971ರಲ್ಲಿ ಎಲ್‌ಪಿ ರೆಕಾರ್ಡಾಗಿಯೂ ಬಂತು. ಕಾರವಾರ, ಅಂಕೋಲಾದ ನಮಗೆ ಇವು ಯಾವುವೂ ಕೈಗೆ ಸಿಕ್ಕ ವಸ್ತುಗಳಲ್ಲ. ನಮಗೆ ಇದ್ದದ್ದು ಗಾಳಿಯಲ್ಲಿ ಬಂದದ್ದು ಮಾತ್ರ: ರೇಡಿಯೊ ಸಿಲೋನ್, ವಿವಿಧ ಭಾರತಿ, ಪಣಜಿ. ಪಣಜಿಯ ನಿಲಯ ಪೋರ್ಚುಗೀಸರ ಕಾಲದಲ್ಲಿ 'ಎಮಿಸೋರಾ ದೆ ಗೋವಾ' ಆಗಿದ್ದದ್ದು, ಆಮೇಲೆ ಆಕಾಶವಾಣಿಯಾಯಿತು. ಸಂಜೆ ಸಮುದ್ರದ ಮೇಲಿಂದ ಅದು ಸ್ವಚ್ಛವಾಗಿ ಕೇಳುತ್ತಿತ್ತು.

ಹಾಡು ಒಮ್ಮೆ ಬಂದು ಹೋದರೆ ಮತ್ತೆ ಯಾವಾಗ ಬರುತ್ತದೋ ಗೊತ್ತಿಲ್ಲ. ಅದಕ್ಕೇ ನಾಲ್ವರು ಸೇರಿ ಕೇಳಬೇಕು. ಒಬ್ಬ ಲೀಡ್ ಹಿಡಿಯಬೇಕು, ಒಬ್ಬ ಬೇಸ್, ಒಬ್ಬ ಕಾರ್ಡ್ಸ್, ಇನ್ನೊಬ್ಬ ತಾಳ ಮತ್ತು ಮಾತು. ಹಾಡು ಮುಗಿದ ಕೂಡಲೇ ರೇಡಿಯೊ ಬಂದ್ ಮಾಡಿ, ಮುಂದಿನ ಹಾಡು ಇದನ್ನು ಅಳಿಸುವ ಮೊದಲು ನುಡಿಸಲು ಕೂರಬೇಕು. ನಾನು ನುಡಿಸುವವನಲ್ಲ. ಆದರೂ ಬೇಸ್ ಕೇಳಿಸಿಕೊಳ್ಳಲು ನನ್ನನ್ನೂ ಕೂರಿಸುತ್ತಿದ್ದರು. ಸ್ಪೀಕರ್ ರಿಪೇರಿ ಮಾಡುವವನಿಗೆ ಕೆಳಗಿನ ಸ್ವರ ಬೇಗ ಕೇಳುತ್ತದೆ ಎಂಬುದು ಅವರ ನಂಬಿಕೆ.

9 ನವೆಂಬರ್, ಶನಿವಾರ

ಇವತ್ತು ಶಂಕರ್‌ನಾಗ್ ಹುಟ್ಟಿದ ದಿನ. 1954ರಲ್ಲಿ ನಮ್ಮ ಜಿಲ್ಲೆಯ ಹೊನ್ನಾವರ ಸೀಮೆಯಲ್ಲಿ ಹುಟ್ಟಿದವ. ಇದ್ದಿದ್ದರೆ ಇವತ್ತಿಗೆ ಎಪ್ಪತ್ತು. ರಿಕ್ಷಾ ಸ್ಟ್ಯಾಂಡಿನಲ್ಲಿ ಫೋಟೊಗೆ ಮಾಲೆ ಹಾಕಿ, ಸ್ಪೀಕರ್ ಇಟ್ಟು 'ಗೀತಾ' ಚಿತ್ರದ ಹಾಡು ಹಾಕಿದ್ದರು. ನಾನು ಚಹಾ ಲೋಟ ಹಿಡಿದು ನಿಂತುಬಿಟ್ಟೆ.

1981ರಲ್ಲಿ ಆ ಸಿನಿಮಾ ಬಂದಾಗ ನಮ್ಮ ಕಡೆಯ ಆರ್ಕೆಸ್ಟ್ರಾಗಳಿಗೆ ಹಬ್ಬವೇ ಆಯಿತು. ಸಂಗೀತ ಇಳಯರಾಜರದ್ದು. ಅವರು ಅದಕ್ಕೂ ಮೊದಲು ನಮ್ಮ ಜಿ.ಕೆ. ವೆಂಕಟೇಶರ ಹತ್ತಿರ ಸಹಾಯಕರಾಗಿ ದುಡಿದವರು, ಗಿಟಾರ್ ನುಡಿಸಿದವರು. ಎಪ್ಪತ್ತರ ದಶಕದ ಎಷ್ಟೋ ಕನ್ನಡ ಹಾಡುಗಳನ್ನು ಕೇಳುವಾಗ, ಇಲ್ಲಿ ಹಿಂದೆ ನುಡಿಯುತ್ತಿರುವುದು ಆ ಕೈಯೇ ಇರಬಹುದೇ ಎಂದು ನಾನು ಕಿವಿಗೊಡುತ್ತೇನೆ. ಸಿನಿಮಾದವರು ಹಾಡುಗಾರರ ಹೆಸರು ಹಾಕಿದರು, ನುಡಿಸಿದವರ ಹೆಸರು ಹಾಕಲಿಲ್ಲ. 1971ರ 'ಹರೇ ರಾಮ ಹರೇ ಕೃಷ್ಣ'ದ ಆ ಪ್ರಸಿದ್ಧ ಹಾಡಿನ ಗಿಟಾರ್ ಭೂಪಿಂದರ್ ಸಿಂಗ್ ಅವರದ್ದೆಂದು ನಮಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಗಜಲ್ ಹಾಡುವ ಅದೇ ಭೂಪಿಂದರ್.

ಮತ್ತೆ 'ಕರ್ಜ್', 1980. ಅದರಲ್ಲಿ ಗಿಟಾರಿನ ಒಂದು ತುಣುಕು ಕೇಳಿಯೇ ನಾಯಕನಿಗೆ ಹಿಂದಿನ ಜನ್ಮ ನೆನಪಾಗುತ್ತದೆ. ಲಕ್ಷ್ಮೀಕಾಂತ್–ಪ್ಯಾರೇಲಾಲ್ ಸಂಗೀತ, ಗಿಟಾರ್ ಪ್ಯಾರೇಲಾಲರ ತಮ್ಮ ಗೋರಖ್ ಶರ್ಮಾ ಅವರದ್ದು. ಕನ್ನಡದಲ್ಲಿ ಅದೇ ಕತೆ 1989ರಲ್ಲಿ ರವಿಚಂದ್ರನ್ ಅವರ 'ಯುಗಪುರುಷ' ಆಯಿತು. ಆ ತುಣುಕು ಬಾರದ ಲೀಡ್ ಗಿಟಾರಿನವನಿಗೆ ನಮ್ಮ ಕಡೆ ಮದುವೆ ಆರ್ಕೆಸ್ಟ್ರಾದಲ್ಲಿ ಜಾಗವೇ ಇರಲಿಲ್ಲ. ಗೆಳೆಯ ಅದನ್ನು ಕಾರವಾರದ ಟಾಕೀಸಿನಲ್ಲಿ ಮ್ಯಾಟಿನಿ ನೋಡಿ ಹಿಡಿದದ್ದು. ಆಗ ಕಾಳಿಗೆ ಸೇತುವೆ ಇರಲಿಲ್ಲ. ಕೋಡಿಬಾಗದಿಂದ ತಾರಿ ದಾಟಬೇಕು. ದೋಣಿಯಲ್ಲಿ ಗುರುತಿನವರು ಮಾತಾಡಿಸಿದರೆ ಸ್ವರ ಮರೆತುಹೋಗುತ್ತದೆಂದು ಅವನು ಟವೆಲ್ಲಿನಿಂದ ಮುಖ ಮುಚ್ಚಿ, ಜ್ವರ ಬಂದವನ ಹಾಗೆ ಕೂತು, ಒಳಗೊಳಗೇ ಗುನುಗುತ್ತ ಆಚೆ ದಡ ಸೇರಿದ. ಮರುದಿನ ಅಂಗಡಿಗೆ ಬಂದು ನುಡಿಸಿ ತೋರಿಸಿದಾಗ ಕೊನೆಯ ತಿರುವು ಒಂದು ಬಿಟ್ಟು ಎಲ್ಲ ಸರಿಯಾಗಿತ್ತು. ಆ ತಿರುವಿಗಾಗಿ ಮತ್ತೆ ಟಿಕೆಟ್ ತೆಗೆದ.

ಬಂಡಿಹಬ್ಬದ ಸುತ್ತಿನ ದಿನಗಳಲ್ಲಿ, ಕಾಲೇಜಿನ ಗ್ಯಾದರಿಂಗಿನಲ್ಲಿ, ಚೆಂಡಿಯಾ, ಬಿಣಗಾದ ಮದುವೆ ಚಪ್ಪರಗಳಲ್ಲಿ ಈ ಕೆಂಪು ಗಿಟಾರು ನುಡಿದಿದೆ. ಗಿಟಾರಿಗೆಂದೇ ಮಾಡಿದ ಆಂಪ್ಲಿಫೈಯರ್ ನಮ್ಮಲ್ಲಿ ಎಲ್ಲಿತ್ತು? ಭಾಷಣದ ಅಹುಜಾ ಆಂಪ್ಲಿಫೈಯರಿಗೇ ಜೋಡಿಸುತ್ತಿದ್ದೆ. ತೆಂಗಿನ ಮರಕ್ಕೆ ಕಟ್ಟಿದ ಹಾರ್ನಿನಿಂದ ಬರುವ ಲೀಡ್ ಸ್ವಲ್ಪ ಮೂಗಿನಲ್ಲಿ ಹಾಡಿದಂತಿರುತ್ತಿತ್ತು. ಆಮೇಲೆ ಎಷ್ಟು ಒಳ್ಳೆಯ ಸ್ಪೀಕರಿನಲ್ಲಿ ಕೇಳಿದರೂ ನನಗೆ ಬೇಕಾದದ್ದು ಆ ಸದ್ದೇ.

14 ನವೆಂಬರ್, ಗುರುವಾರ

ಕೆಟ್ಟ ಪಿಕಪ್ಪಿನ ಸುರುಳಿ ಮತ್ತೆ ಸುತ್ತಲು ತಾಮ್ರದ ತಂತಿ ಸಿಗಲಿಲ್ಲ. ಇಲ್ಲಿನ ಮೋಟಾರ್ ವೈಂಡಿಂಗ್‌ನವರ ಹತ್ತಿರ ಇರುವುದು ಪಂಪಿಗೆ ಆಗುವ ದಪ್ಪದ್ದು. ಪಿಕಪ್ಪಿಗೆ ಬೇಕಾದದ್ದು ಕೂದಲಿಗಿಂತ ತೆಳು, ಮಿಲಿಮೀಟರಿನ ಹದಿನಾರನೇ ಒಂದು ಭಾಗ. ಹುಬ್ಬಳ್ಳಿಗೆ ಫೋನ್ ಮಾಡಿ ಹೇಳಿದ್ದೇನೆ. ಬಸ್ಸಿನಲ್ಲಿ ಕಳಿಸುತ್ತಾರೆ.

17 ನವೆಂಬರ್, ರವಿವಾರ

ಸುರುಳಿ ಮುಗಿಯಿತು. ಇಂಥ ಪಿಕಪ್ಪಿಗೆ ಏಳೆಂಟು ಸಾವಿರ ಸುತ್ತು ಬೇಕು. ಹೊಲಿಗೆ ಮಷಿನ್ನಿನ ಮೋಟಾರಿಗೆ ಬಾಬಿನ್ ಸಿಕ್ಕಿಸಿ, ಹಳೇ ಟೇಪ್ ರೆಕಾರ್ಡರಿನ ಕೌಂಟರನ್ನು ಪಕ್ಕದಲ್ಲಿ ಜೋಡಿಸಿಕೊಂಡೆ. ತಂತಿಯನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಬಿಡಬೇಕು. ಬಿಗಿ ಹೆಚ್ಚಾದರೆ ತುಂಡಾಗುತ್ತದೆ, ಸಡಿಲಾದರೆ ಸುರುಳಿ ಉಬ್ಬಿ ಅಯಸ್ಕಾಂತದ ಮೇಲೆ ಕೂರುವುದಿಲ್ಲ. ಕಣ್ಣಿಗೆ ಕಾಣುವುದು ಕಷ್ಟ, ಬೆರಳಿಗೆ ತಿಳಿಯುತ್ತದೆ. ಆಮೇಲೆ ಕರಗಿಸಿದ ಮೇಣದಲ್ಲಿ ಅದ್ದಿ ತೆಗೆದೆ. ಇಲ್ಲದಿದ್ದರೆ ಆಂಪ್ಲಿಫೈಯರ್ ಏರಿಸಿದಾಗ ಸುರುಳಿಯ ಎಳೆಗಳೇ ನಡುಗಿ ಸೀಟಿ ಹೊಡೆಯುತ್ತವೆ.

ಜೋಡಿಸಿ ಕರೆಂಟ್ ಕೊಟ್ಟಾಗ ಮೊದಲು ಬಂದದ್ದು ಹಮ್. ಒಂಟಿ ಸುರುಳಿಯ ಪಿಕಪ್ ತಂತಿಯನ್ನಷ್ಟೇ ಅಲ್ಲ, ಮೇನ್ಸಿನ 50 ಹರ್ಟ್ಸ್ ಅನ್ನೂ ಹಿಡಿಯುತ್ತದೆ. ಗಿಬ್ಸನ್ ಕಂಪನಿಯ ಸೇತ್ ಲವರ್ 1955ರಲ್ಲಿ ಒಂದಕ್ಕೊಂದು ವಿರುದ್ಧವಾದ ಎರಡು ಸುರುಳಿ ಜೋಡಿಸಿ ಅದನ್ನು ಕೊಂದರು. ನಮ್ಮ ಗಿಟಾರುಗಳಿಗೆ ಆ ಭಾಗ್ಯ ಇರಲಿಲ್ಲ, ಹಮ್ ಬಂದರೆ ಜನ ಆರ್ಕೆಸ್ಟ್ರಾ ಶುರುವಾಯಿತೆಂದು ಚಾಪೆ ಹಿಡಿದು ಮುಂದೆ ಬರುತ್ತಿದ್ದರು.

ತಂತಿಗಳಿಗೆ ಹೊಲಿಗೆ ಮಷಿನ್ನಿನ ಎಣ್ಣೆ ಸವರಿಟ್ಟೆ. ಉಪ್ಪು ಗಾಳಿಗೆ ಉಕ್ಕಿನ ತಂತಿ ಮಳೆಗಾಲದಲ್ಲಿ ವಾರಕ್ಕೇ ಕಪ್ಪಾಗುತ್ತದೆ. ಆಗೆಲ್ಲ ಹೊಸ ಸೆಟ್ ಬೇಕೆಂದರೆ ಮಡಗಾಂವಿಗೆ ಹೋಗುವವರನ್ನು ಕಾಯಬೇಕಿತ್ತು. ಕಪ್ಪಾದದ್ದನ್ನು ಬಿಚ್ಚಿ ನೀರಲ್ಲಿ ಕುದಿಸಿ ಮತ್ತೆ ಏರಿಸುತ್ತಿದ್ದರು. ಎರಡು ದಿನ ಹೊಸದರಂತೆ ನುಡಿಯುತ್ತಿತ್ತು, ಮದುವೆಗೆ ಅಷ್ಟು ಸಾಕು.

21 ನವೆಂಬರ್, ಗುರುವಾರ

ಹೇಗೆ ಹೋಯಿತು ಇದೆಲ್ಲ ಎಂದು ರಾತ್ರಿ ಯೋಚಿಸುತ್ತಿದ್ದೆ. ಕೀಬೋರ್ಡ್ ಬಂತು, ಗಿಟಾರ್ ಹೋಯಿತು ಎನ್ನುತ್ತಾರೆ. ನಾನು ಕೀಬೋರ್ಡನ್ನು ದೂರುವುದಿಲ್ಲ. ಲೀಡ್, ರಿದಮ್, ಬೇಸ್, ಡ್ರಮ್ಸ್ ಎಂದು ನಾಲ್ವರನ್ನು ಟೆಂಪೊದಲ್ಲಿ ಕರೆತಂದು, ಊಟ ಹಾಕಿ, ಸಂಭಾವನೆ ಕೊಡುವ ಬದಲು ಒಬ್ಬ ಕೀಬೋರ್ಡಿನವ, ಒಬ್ಬ ರಿದಮ್ ಪ್ಯಾಡಿನವ ಬಂದರೆ ಹೆಣ್ಣಿನ ತಂದೆಗೆ ಖರ್ಚು ಉಳಿಯುತ್ತದೆ. ಆಮೇಲೆ ಪೆನ್‌ಡ್ರೈವಿನ ಟ್ರ್ಯಾಕ್ ಬಂತು, ಆ ಇಬ್ಬರೂ ಹೋದರು. ಈಗ ಡಿಜೆ.

ಪಕ್ಕದ ಗೋವಾದಲ್ಲಿ ಇನ್ನೊಂದು ದಾರಿಯೂ ಕಂಡಿತ್ತು. ರೆಮೊ ಫರ್ನಾಂಡಿಸ್ 1984ರಲ್ಲಿ ಸಿಯೋಲಿಮ್‌ನ ತನ್ನ ಮನೆಯಲ್ಲೇ ಕೂತು 'ಗೋವನ್ ಕ್ರೇಜಿ' ರೆಕಾರ್ಡ್ ಮಾಡಿ, ಕ್ಯಾಸೆಟ್ಟುಗಳನ್ನು ಸ್ಕೂಟರಿನ ಮೇಲೆ ಹೊತ್ತು ಅಂಗಡಿ ಅಂಗಡಿಗೆ ಕೊಟ್ಟವರು. ಆ ಕ್ಯಾಸೆಟ್ ನನ್ನ ಅಂಗಡಿಯಲ್ಲಿ ಟೇಪ್ ಸಿಕ್ಕಿಕೊಳ್ಳುವವರೆಗೂ ತಿರುಗಿದೆ. ನಮ್ಮ ಹುಡುಗರ ಕೈಯಲ್ಲಿ ಅಷ್ಟು ಕಸುಬು ಇತ್ತು. ಸ್ವಂತ ಹಾಡು ಕಟ್ಟುವ ಧೈರ್ಯವನ್ನು ಅವರಿಗೆ ಯಾರೂ ಕೊಡಲಿಲ್ಲ, ಸಿನಿಮಾ ಹಾಡು ಅಚ್ಚುಕಟ್ಟಾಗಿ ನುಡಿಸಿದರೆ ಸಾಕೆಂದೆವು. ಈ ಮಾತು ನನ್ನನ್ನು ಈಗಲೂ ಚುಚ್ಚುತ್ತದೆ.

ಗಿಟಾರಿಗೇನೂ ಸಾವಿಲ್ಲ. 2018ರಲ್ಲಿ ಗಿಬ್ಸನ್ ದಿವಾಳಿ ಅರ್ಜಿ ಹಾಕಿದಾಗ ಗಿಟಾರಿನ ಕಾಲ ಮುಗಿಯಿತೆಂದು ಬರೆದರು. 2020ರಲ್ಲಿ ಕೊರೊನಾದಲ್ಲಿ ಮನೆಯೊಳಗೆ ಕೂತ ಜನ ಗಿಟಾರ್ ಕೊಂಡು, ಫೆಂಡರ್ ಕಂಪನಿ ಅದುವರೆಗೆ ಕಾಣದಷ್ಟು ಮಾರಾಟ ಮಾಡಿತು. ಆದರೆ ಅವೆಲ್ಲ ಒಬ್ಬೊಬ್ಬರೇ ಕೋಣೆಯಲ್ಲಿ ಕೂತು ನುಡಿಸುವ ಗಿಟಾರುಗಳು. ಒಂದೇ ಹಾಡನ್ನು ನಾಲ್ವರು ನಾಲ್ಕು ಕಡೆಯಿಂದ ಕಿವಿಯಲ್ಲಿ ಹಿಡಿದು, "ಅಲ್ಲ ಮಾರಾಯಾ, ಅಲ್ಲಿ ಬೇಸ್ ಇಳಿಯುತ್ತದೆ" ಎಂದು ಜಗಳಾಡಿ, ಮಧ್ಯರಾತ್ರಿ ಹೊತ್ತಿಗೆ ಒಪ್ಪಿಕೊಳ್ಳುವುದಿತ್ತಲ್ಲ, ನಾನು ಹಂಬಲಿಸುವುದು ಅದಕ್ಕೆ.

24 ನವೆಂಬರ್, ರವಿವಾರ

ಗಿಟಾರ್ ತಲುಪಿಸಿ ಬಂದೆ. ಕಾಳಿಯ ಹಳೇ ಸೇತುವೆ ಆಗಸ್ಟ್ 7ರ ನಸುಕಿನಲ್ಲಿ ಕುಸಿದ ಮೇಲೆ ಹೋಗುವ ಬರುವ ವಾಹನಗಳೆಲ್ಲ ಹೊಸ ಸೇತುವೆಯ ಮೇಲೇ. ಆ ಹಳೇ ಸೇತುವೆ ಆದಾಗ ಮಡಗಾಂವಿನ ಬ್ಯಾಂಡಿನವರು ವ್ಯಾನಿನಲ್ಲೇ ನೇರ ಕಾರವಾರಕ್ಕೆ ಬರತೊಡಗಿದ್ದರು, ನಮ್ಮ ಹುಡುಗರು ಅವರ ಆಂಪ್ಲಿಫೈಯರ್ ನೋಡಲೆಂದೇ ಮದುವೆಗೆ ಹೋಗುತ್ತಿದ್ದರು. ಬಸ್ಸು ನಿಧಾನ ಸಾಗಿತು. ಮಡಿಲಲ್ಲಿದ್ದ ಗಿಟಾರನ್ನು ಪಕ್ಕದ ಸೀಟಿನ ಹುಡುಗಿ ಮುಟ್ಟಿ ನೋಡಿ, "ಅಜ್ಜ, ಇದು ನಿಮ್ದಾ?" ಎಂದಳು. ಗೆಳೆಯನದ್ದು ಅಂದೆ.

ಮೊಮ್ಮಗ ಒಳ್ಳೆಯ ಹುಡುಗ. ಮೊಬೈಲಿನಲ್ಲಿ ಕಾರ್ಡ್ಸ್ ನೋಡಿಕೊಂಡು ಕ್ಯಾರಲ್ ನುಡಿಸಿದ. ಕುರ್ಚಿಯಲ್ಲಿ ಕೂತಿದ್ದ ಗೆಳೆಯ ನಡುವೆ ಕೈ ಎತ್ತಿದ. "ಅಲ್ಲಿ ಮೈನರ್." ಹುಡುಗ ಪರದೆ ತೋರಿಸಿದ, ಇದರಲ್ಲಿ ಮೇಜರ್ ಎಂದೇ ಇದೆ, ಬೇಕಾದರೆ ನೋಡಮ್ಮಾ ಎಂದು ತಾಯಿಯ ಕಡೆ ತಿರುಗಿದ. ಗೆಳೆಯ ಮೊಬೈಲನ್ನು ಕೇಳಲೇ ಇಲ್ಲ. ಆ ಸಾಲನ್ನು ಹಾಡಿದ, ಮತ್ತೆ ಹಾಡಿದ, ಬೇಸನ್ನು ನನಗೆ ಗುನುಗಲು ಹೇಳಿದ. ಹುಡುಗ ಎರಡನ್ನೂ ನುಡಿಸಿ ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಮೈನರಿಗೆ ಬಂದ. ಆಮೇಲೆ ಮೊಬೈಲನ್ನು ಕಿಸೆಗೆ ಹಾಕಿ, ಇನ್ನೊಂದು ಹಾಡನ್ನು ಹೀಗೆಯೇ ಹೇಳಿಕೊಡಿ ಎಂದು ಅಜ್ಜನ ಎದುರು ನೆಲದ ಮೇಲೆ ಕೂತ.

ಅವನ ಜೊತೆಯ ಹುಡುಗರೂ ಮುಂದಿನ ರವಿವಾರ ಬರುತ್ತಾರಂತೆ. ಬೇಸ್ ಗಿಟಾರ್ ಯಾರ ಬಳಿಯೂ ಇಲ್ಲ. ನಮ್ಮ ತಂಡದಲ್ಲಿ ಬೇಸ್ ನುಡಿಸುತ್ತಿದ್ದವ ಬೇಲೆಕೇರಿಯಲ್ಲಿ ಮಗನ ಮನೆಯಲ್ಲಿದ್ದಾನೆ, ಅವನದ್ದು ಅಟ್ಟದ ಮೇಲೆ ಇರಲೇಬೇಕು. ನಾಳೆ ಬೆಳಿಗ್ಗೆ ಹೋಗಿ ಕೇಳುತ್ತೇನೆ. ಸೋಲ್ಡರಿಂಗ್ ಐರನ್ ಜೊತೆಗೇ ಒಯ್ಯಬೇಕು.