ಪೀಸ್ ಹಾಕಕಿಲ್ಲ, ಬರೀ ಸಾರು

2002ರ ‘ಮೈ ಬಿಗ್ ಫ್ಯಾಟ್ ಗ್ರೀಕ್ ವೆಡ್ಡಿಂಗ್’ ಸಿನಿಮಾ ನೋಡಿದ್ದೀರಾ? ಗ್ರೀಕನಲ್ಲದ ಹುಡುಗ ಮಾಂಸ ತಿನ್ನಲ್ಲ ಅಂತ ಗೊತ್ತಾದಾಗ, ಹುಡುಗಿ ಕಡೆಯ ಹೆಂಗಸೊಬ್ಬಳು ಹಾಗಾದ್ರೆ ಕುರಿ ಮಾಡ್ತೀನಿ ಅಂತಾಳೆ. ಕೆ.ಆರ್. ಪೇಟೆಯ ನಮ್ಮ ದೊಡ್ಡಮ್ಮನೂ ಹಂಗೇ. ನಾನು ಮೆಚ್ಚಿದವನು ಮೇಲುಕೋಟೆಯ ಅಯ್ಯಂಗಾರ್ ಅಂದಿದ್ದಕ್ಕೆ, ‘ಅದ್ಕೇನವ್ವ, ಪೀಸ್ ಹಾಕಕಿಲ್ಲ, ಬರೀ ನಾಟಿ ಕೋಳಿ ಸಾರು ಬುಡ್ತೀನಿ’ ಅಂದ್ಲು.

ಸಿನಿಮಾದ ಹುಡುಗ ಗ್ರೀಕ್ ಚರ್ಚಿನಲ್ಲಿ ದೀಕ್ಷಾಸ್ನಾನ ಮಾಡಿ ಮನೆಯವನಾದ. ಜಾತಿಯೊಳಗೆ ಹಂಗೆ ಮುಳುಗೆದ್ದು ಬರೋಕಾಗಲ್ಲ. 1955ರ ಹಿಂದೂ ವಿವಾಹ ಕಾಯ್ದೆಗೆ ನಮ್ಮ ಜಾತಿಗಳು ಅಡ್ಡಿಯಲ್ಲ, ಅಪ್ಪನಿಗೆ ಅಡ್ಡಿ. ಊರಲ್ಲಿ ತಲೆ ಎತ್ಕೊಂಡು ಓಡಾಡೋದು ಹೆಂಗೆ ಅಂತ ಕೇಳಿದವರು ಆಮೇಲೆ ಮಾತೇ ಆಡಿಲ್ಲ.

ಆ ಸಿನಿಮಾದ ಅಪ್ಪ ಮಗಳಿಗೆ ಪಕ್ಕದ ಮನೆಯನ್ನೇ ಉಡುಗೊರೆ ಕೊಟ್ಟ. ನನಗೆ ಮನೆ ಬೇಡ. ಧಾರೆ ಎರೆಯೋಕೆ ಅಪ್ಪ ಬಂದು ನಿಂತರೆ ಸಾಕು.