ಗೆರೆ ದಾಟಿದ ಗೆರೆ

ಪಕ್ಕದ ಮನೆಯವರು ಚಟ್ನಿಗೆಂದು ಮಿಕ್ಸಿ ತಿರುಗಿಸಿದರೆ ಈಚೆ ಮನೆಯ ರೇಡಿಯೋ ಕರಕರ ಎನ್ನುತ್ತದೆ. ಗೃಹಸ್ಥನಿಗೆ ವಾರ್ತೆಯ ಎರಡು ವಾಕ್ಯ ತಪ್ಪಬಹುದು, ಅಷ್ಟೆ. ಅದೇ ಕರಕರ ಯುದ್ಧರಂಗದ ವಾಹನದಲ್ಲಿ ಹುಟ್ಟಿದರೆ? ದೂರದ ತುಕಡಿಯೊಂದು ಸಹಾಯ ಬೇಡುವ ಕ್ಷೀಣಧ್ವನಿಯನ್ನು ಅದೇ ವಾಹನದ ಮತ್ತೊಂದು ಯಂತ್ರ ನುಂಗಿಹಾಕಬಹುದು.

ಅದಕ್ಕಾಗಿಯೇ ಸೈನ್ಯದ ವಿದ್ಯುನ್ಮಾನ ಪೆಟ್ಟಿಗೆಗಳಿಗೆ ಒಂದು ಅಗ್ನಿಪರೀಕ್ಷೆಯುಂಟು. ಅಮೆರಿಕದ ರಕ್ಷಣಾ ಇಲಾಖೆ 1967ರಲ್ಲಿ ಹೊರಡಿಸಿ, ಹಲವು ಬಾರಿ ತಿದ್ದುತ್ತ ಬಂದ ಮಿಲ್-ಎಸ್‌ಟಿಡಿ-461 ಎಂಬ ನಿಯಮಾವಳಿ ಇದರ ಪ್ರಸಿದ್ಧ ಶಾಸ್ತ್ರಗ್ರಂಥ. ಅಲೆಗಳನ್ನು ಹೀರುವ ಹೊದಿಕೆಯುಳ್ಳ ಲೋಹದ ಕೋಣೆಯಲ್ಲಿ ಪೆಟ್ಟಿಗೆಯನ್ನಿರಿಸಿ, 1 ಮೀಟರ್ ದೂರದಲ್ಲಿ ಆಂಟೆನಾ ನಿಲ್ಲಿಸುತ್ತಾರೆ. ಮೊದಲು ಪೆಟ್ಟಿಗೆಗೆ ಮೌನವ್ರತ. ಆಗ ಕೋಣೆಯ ಸ್ವಂತ ಗದ್ದಲವು ನಿಗದಿಯಾದ ಮಿತಿಗಿಂತ 6 ಡೆಸಿಬೆಲ್ಲಾದರೂ ಕೆಳಗಿರಬೇಕು. ಎಂದರೆ, ಮಿತಿಯ ಅರ್ಧದಷ್ಟು. ಕೊಳೆ ಪಾತ್ರೆಯಲ್ಲಿ ಹಾಲಿನ ಪರೀಕ್ಷೆ ನಡೆಯದಷ್ಟೆ.

ಅಳತೆ ಮುಗಿದಾಗ ಪರದೆಯ ಮೇಲೆ ಒಂದು ಅಂಕುಡೊಂಕು ಗೆರೆ; ಅದರ ಮೇಲುಗಡೆ ಮಿತಿಯ ಗೆರೆ. ಪರೀಕ್ಷಕನ ನಿಜವಾದ ಕೆಲಸ ಅಲ್ಲಿಂದ ಆರಂಭ. ರಿಸೀವರ್ ಹೇಳಿದ ಅಂಕಿ ಗಾಳಿಯಲ್ಲಿದ್ದ ಕ್ಷೇತ್ರದ ಬಲವಲ್ಲ. ಅದು 22 ಡೆಸಿಬೆಲ್ ಎಂದರೆ, ಆಂಟೆನಾದ ಗುಣಕ 14, ತಂತಿಯಲ್ಲಿ ಸೋರಿಹೋದದ್ದು 2, ಎಲ್ಲವನ್ನೂ ಕೂಡಿಸಿ 38 ಎನ್ನಬೇಕು. ಒಂದನ್ನು ಮರೆತರೂ ಅಪರಾಧಿಯು ನಿರಪರಾಧಿಯಾಗಿ ಹೊರಬೀಳುತ್ತಾನೆ.

ಒಂದೆಡೆ ಗೆರೆ ಮಿತಿಯನ್ನು ದಾಟಿ 2 ಡೆಸಿಬೆಲ್ ಮೇಲೆದ್ದಿತೆನ್ನಿ. ಅದು ಪೆಟ್ಟಿಗೆಯ ಕೂಗೆ, ಹೊರೆ ಹೆಚ್ಚಾದ ರಿಸೀವರಿನ ಭ್ರಮೆಯೆ? ತಿಳಿಯುವ ಉಪಾಯ ಸೊಗಸಾಗಿದೆ. ರಿಸೀವರಿನ ಬಾಯಿಗೆ 10 ಡೆಸಿಬೆಲ್ ತಗ್ಗಿಸುವ ತಡೆಯೊಂದನ್ನು ಸಿಕ್ಕಿಸುತ್ತಾರೆ. ನಿಜವಾದ ಸಂಕೇತ ಸರಿಯಾಗಿ 10 ಇಳಿಯುತ್ತದೆ. ಯಂತ್ರದೊಳಗೇ ಹುಟ್ಟಿದ ಸುಳ್ಳು ಅದಕ್ಕಿಂತ ಹೆಚ್ಚು ಕುಸಿಯುತ್ತದೆ. ಮನುಷ್ಯರ ವ್ಯವಹಾರದಲ್ಲಿ ಸುಳ್ಳನ್ನು ಹಿಡಿಯಲು ಇಷ್ಟು ಸುಲಭದ ಸಾಧನವಿಲ್ಲ!

ಸಂಕೇತ ನಿಜವೆಂದೇ ತಿಳಿಯಿತು. ಆಗ ತಯಾರಕರ ಕಡೆಯವನು ಮೆಲ್ಲಗೆ ಹತ್ತಿರ ಬರುತ್ತಾನೆ: “ಸ್ವಾಮಿ, ಅಳತೆಯಲ್ಲೇ 3 ಡೆಸಿಬೆಲ್ ಹೆಚ್ಚುಕಡಿಮೆಗೆ ನಿಯಮ ಅವಕಾಶ ಕೊಟ್ಟಿದೆಯಲ್ಲ! ಮೀರಿದ್ದು ಬರೀ ಎರಡು.” ಮಾತಿನಲ್ಲಿ ತರ್ಕವಿಲ್ಲದೆ ಇಲ್ಲ. ಆದರೆ ಆ ಮೂರು ಎರಡು ಕಡೆಗೂ ವಾಲುತ್ತದೆ. ನಿಜವಾದ ಬಲ ಮಿತಿಯೊಳಗಿರಬಹುದು. 5 ಡೆಸಿಬೆಲ್ ಮೇಲೂ ಇರಬಹುದು. ತಿಂಗಳುಗಟ್ಟಲೆ ದುಡಿದವನ ಮುಖ ಎದುರಿಗಿದೆ. ಆ ಪೆಟ್ಟಿಗೆಯ ಪಕ್ಕದಲ್ಲಿ ಕುಳಿತು ರೇಡಿಯೋಗೆ ಕಿವಿಗೊಡಬೇಕಾದ ಸೈನಿಕನ ಮುಖ ಎದುರಿಗಿಲ್ಲ.

ಪರೀಕ್ಷಕ ಎದ್ದು, ತಂತಿಗಳ ಕೊಂಡಿಗಳನ್ನು ಇನ್ನೊಮ್ಮೆ ಬಿಗಿದು, ಅಳತೆಯನ್ನು ಮೊದಲಿನಿಂದ ನಡೆಸುತ್ತಾನೆ. ಗೆರೆ ಅಲ್ಲಿಯೇ ಎದ್ದು ನಿಲ್ಲುತ್ತದೆ. ‘ಮಿತಿಗಿಂತ 2 ಡೆಸಿಬೆಲ್ ಹೆಚ್ಚು’ ಎಂದು ವರದಿಯಲ್ಲಿ ಬರೆದು ರುಜು ಹಾಕುತ್ತಾನೆ.