ಹೂಂಗುಟ್ಟುವವರ ಪಾಲು

ಕತೆ ಹೇಳುವ ಕಮ್ಮಟಕ್ಕೊಂದು ಪ್ರಸ್ತಾವನೆ ಬರೆಯುವುದು ನನಗೆ ಕತೆ ಬರೆದಷ್ಟೇ ಹಿತವಾದ ಕೆಲಸ. ಉದ್ದೇಶ, ಅವಧಿ, ಖರ್ಚುವೆಚ್ಚ ಎಂಬ ಒಣ ತಲೆಬರಹಗಳ ಕೆಳಗೆ ಸಾಲು ತುಂಬುತ್ತ ಹೋದಂತೆ ಕತೆ ಎಂದರೇನು ಎಂಬುದೂ ನಿಚ್ಚಳವಾಗುತ್ತದೆ. ಗುತ್ತಲದ ಶಾಲೆ ಮಕ್ಕಳಿಗೆ ಎರಡು ದಿನದ ಕಮ್ಮಟ ನಡೆಸುವುದಾದರೆ ಮೊದಲ ದಿನ ಪೂರ್ತಿ ಕೇಳುವುದಕ್ಕೇ ಮೀಸಲಾಗಬೇಕು ಎಂಬುದು ನನ್ನ ವಾದ. ದನಿಯ ಏರಿಳಿತ, ಕೈಸನ್ನೆ, ಬೊಂಬೆ ಎಲ್ಲ ಮರುದಿನಕ್ಕೆ ಕಾಯಲಿ. ಎದುರಿಗೆ ಹೂಂಗುಟ್ಟುವವರಿಲ್ಲದಿದ್ದರೆ ಎಂಥ ಅಜ್ಜಿಯ ಕತೆಯೂ ಅರ್ಧಕ್ಕೇ ನಿಲ್ಲುತ್ತದೆ.

ಇದಕ್ಕೆ ಸಾಕ್ಷಿ ದೂರ ಹುಡುಕಬೇಕಿಲ್ಲ. ತುಂಗಭದ್ರೆಯ ಆಚೆ, ಮೈಲಾರದ ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಕಾರ್ಣಿಕ ನುಡಿಯುವ ಗೊರವಯ್ಯ ಬಿಲ್ಲನ್ನೇರಿ ಮೊದಲು ‘ಸದ್ದಲೇ’ ಎಂದು ಕೂಗಿ ಜಾತ್ರೆಯನ್ನೇ ಸುಮ್ಮನಾಗಿಸುತ್ತಾನೆ. ಆಮೇಲೆ ಬರುವುದು ಒಂದೇ ಸಾಲು; ನುಡಿದವನೇ ಮೇಲಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಮುಂದಿನ ಕತೆಯೆಲ್ಲ ಕೇಳಿದವರದು: ರೈತ ಅದರಲ್ಲಿ ಮಳೆ-ಬೆಳೆ ಕಾಣುತ್ತಾನೆ, ಕಟ್ಟೆಯ ಮೇಲೆ ಕೂತವರು ರಾಜಕೀಯ ಕಾಣುತ್ತಾರೆ. ಗುತ್ತಲದಿಂದ 12-13ನೆಯ ಶತಮಾನದಲ್ಲಿ ಆಳಿದ ಗುತ್ತರು ತಾವು ಉಜ್ಜಯಿನಿಯ ಚಂದ್ರಗುಪ್ತನ ವಂಶದವರೆಂದು ಶಾಸನಗಳಲ್ಲಿ ಬರೆಸಿದರು. ಸಣ್ಣ ಮಾಂಡಲಿಕ ಮನೆತನವೊಂದು ಅಷ್ಟು ದೊಡ್ಡ ಕತೆಯನ್ನು ಕಲ್ಲಿಗೇರಿಸಿದ್ದು, ನಂಬುವ ಕಿವಿಗಳು ಇದ್ದೇ ಇವೆ ಎಂಬ ಧೈರ್ಯದಿಂದಲೇ ಇರಬೇಕು.

ಕತೆ ಹೇಳಲು ಬಂದ ಮಗುವನ್ನು ಬಾಯಿ ಮುಚ್ಚಿಸಿ ಕೂರಿಸಿದರೆ ಅದೂ ಇನ್ನೊಂದು ತರಗತಿಯೇ ಅಲ್ಲವೇ ಎಂದು ಮೇಷ್ಟ್ರುಗಳು ಕೇಳಬಹುದು. ನ್ಯಾಯವಾದ ಆಕ್ಷೇಪ. ಆದರೆ ಕತೆ ಕೇಳುವವರು ಸುಮ್ಮನೆ ಕೂರುವುದಿಲ್ಲ, ‘ಮುಂದ?’ ಎನ್ನುತ್ತಾರೆ, ‘ಹಂಗಲ್ಲ, ನಮ್ಮವ್ವ ಬ್ಯಾರೆ ಹೇಳ್ತಾಳ’ ಎಂದು ತಡೆಯುತ್ತಾರೆ. ಹಾಗೆ ತಡೆದ ಮಗು ಆಗಲೇ ಹೇಳಲು ಶುರುಮಾಡಿದೆ. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಜನಪದ ಕತೆಯೊಂದರಲ್ಲಿ, ತನಗೆ ಗೊತ್ತಿದ್ದ ಕತೆ-ಹಾಡುಗಳನ್ನು ಯಾರಿಗೂ ಹೇಳದೆ ಇಟ್ಟುಕೊಂಡ ಹೆಂಗಸೊಬ್ಬಳಿದ್ದಾಳೆ. ಒಳಗೇ ಉಸಿರುಗಟ್ಟಿದ ಅವು ಹೊರಬಿದ್ದು ಜೋಡು, ಕೋಟುಗಳಾಗಿ ಅವಳ ಗಂಡನಲ್ಲಿ ಸಂಶಯ ಹುಟ್ಟಿಸುತ್ತವೆ. ಹೇಳುವುದನ್ನೇ ಮೊದಲು ಕಲಿಸಿ ಎನ್ನುವವರು ಇದನ್ನು ತಮ್ಮ ಪರ ಎತ್ತಿಕೊಳ್ಳಬಹುದು. ಆ ಮನೆಯಲ್ಲಿ ಅವಳನ್ನು ‘ಒಂದು ಕತೆ ಹೇಳು’ ಎಂದು ಕೇಳಿದವರು ಯಾರಿದ್ದರು ಎಂಬುದು ನನ್ನ ಮರುಪ್ರಶ್ನೆ.

ಹಣ ಕೊಡುವವರಿಗೆ ಕೊನೆಗೊಂದು ವೇದಿಕೆ, ಚಪ್ಪಾಳೆ ಬೇಕೆನಿಸುವುದು ಸಹಜ. ಆದರೂ ಖರ್ಚಿನ ಪಟ್ಟಿಯಿಂದ ಶಾಮಿಯಾನ, ಮೈಕುಗಳನ್ನು ಹೊಡೆದುಹಾಕಿ, ಆ ದುಡ್ಡನ್ನು ಸುತ್ತಲ ಹಳ್ಳಿಗಳಿಂದ ಮಕ್ಕಳ ಅಜ್ಜ-ಅಜ್ಜಿಯರನ್ನು ಕರೆತರುವ ಟಂಟಂ ಬಾಡಿಗೆಗೆ, ಅವರು ಕೂರುವ ಜಮಖಾನೆಗೆ, ಚಹಾಕ್ಕೆ ಬರೆಯುತ್ತೇನೆ.